ನೆವಿಲ್ ಕ್ಲೆಗ್‌ನ ಹಟಮಾರಿ ಕೈ

ನನ್ನ ತಮ್ಮ ನೆವ್ ಬಗ್ಗೆ ಪೇಪರಿನವರು ಏನೇನೋ ಬರೆಯುತ್ತಿದ್ದಾರೆ. ಅವನ ಕೈ ಸರಿಹೋದದ್ದು ಯಾರೋ ದೊಡ್ಡ ಮನೋವೈದ್ಯರಿಂದ ಎಂದು ಒಬ್ಬ ಬರೆದ, ಯೋಗದಿಂದ ಎಂದು ಇನ್ನೊಬ್ಬ. ಯೋಗವಂತೆ, ಯೋಗ. ಬಗ್ಗಿ ತನ್ನ ಶೂ ಲೇಸು ಕಟ್ಟಿಕೊಳ್ಳಲಾರದ ಮನುಷ್ಯ ಅವನು. ನಡೆದದ್ದನ್ನು ಕಣ್ಣಾರೆ ಕಂಡವಳು ನಾನು, ಬೆರಿಲ್ ಕ್ಲೆಗ್. ಸ್ವಿಂಟನ್‌ನಲ್ಲಿ ವೀವರ್ಸ್ ಆರ್ಮ್ಸ್ ಎಂಬ ಪಬ್ಬು ನಡೆಸುತ್ತೇನೆ. ಮ್ಯಾಂಚೆಸ್ಟರಿನ ಈ ಮಗ್ಗುಲಲ್ಲಿ ನನ್ನನ್ನು ಸುಳ್ಳಿ ಎಂದವರು ಯಾರೂ ಇಲ್ಲ, ಜೋರುಬಾಯಿ ಎಂದವರು ಬೇಕಾದಷ್ಟಿದ್ದಾರೆ.

ಮೊದಲು ಬೋರ್ಡಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲ ರಗಳೆಗೂ ಅದೇ ಮೂಲ. ನಮ್ಮ ಪಬ್ಬಿನ ಗೋಡೆಯಲ್ಲಿರುವುದು ಡಾರ್ಟ್ ಎಂಬ ಪುಟ್ಟ ಬಾಣ ಎಸೆಯುವ ಡಾರ್ಟ್ಸ್ ಬೋರ್ಡು, ಆದರೆ ಟೀವಿಯಲ್ಲಿ ತೋರಿಸುವಂಥದ್ದಲ್ಲ. ಟೀವಿಯದನ್ನು ನಾವು ಲಂಡನ್ ಬೋರ್ಡು ಎನ್ನುತ್ತೇವೆ, ಸ್ವಲ್ಪ ಮೂಗು ಮುರಿದೇ ಎನ್ನುತ್ತೇವೆ. ನಮ್ಮದು ಮರದ ಕೊರಡನ್ನು ಅಡ್ಡಕ್ಕೆ ಕೊಯ್ದು ಮಾಡಿದ್ದು, ಊಟದ ತಟ್ಟೆಯಷ್ಟೇ ಅಗಲ. ಆಟವಿಲ್ಲದಾಗ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡಬೇಕು, ಮರೆತರೆ ಬಿರುಕು ಬಿಡುತ್ತದೆ. ನೆನೆಹಾಕುವುದು, ಎತ್ತುವುದು, ಒರೆಸುವುದು ಎಲ್ಲ ನನ್ನ ಪಾಲಿಗೆ. ಲಂಡನ್ ಬೋರ್ಡಿನಲ್ಲಿ ಮೂರು ಪಟ್ಟು ಅಂಕ ಕೊಡುವ ಟ್ರೆಬಲ್ ಎಂಬ ಪಟ್ಟಿ ನಡುವೆ ಇದೆ, ನಮ್ಮದರಲ್ಲಿ ಇಲ್ಲ. ಎರಡು ಪಟ್ಟು ಕೊಡುವ ಡಬಲ್ ಪಟ್ಟಿ ಎರಡರ ಅಂಚಿನಲ್ಲೂ ಇದೆ, ಆದರೆ ನಮ್ಮದು ಎರಡು ಬೆಂಕಿಕಡ್ಡಿ ಜೋಡಿಸಿಟ್ಟಷ್ಟು ಸಣ್ಣ. ಇನ್ನು ಸುತ್ತ ಒಂದರಿಂದ ಇಪ್ಪತ್ತರವರೆಗೆ ಅಂಕಿಗಳು ಕೂತಿರುವ ಜಾಗವೂ ಬೇರೆ. ಅವರ ಬೋರ್ಡಿನ ನೆತ್ತಿಯಲ್ಲಿ ಇಪ್ಪತ್ತು, ನಮ್ಮದರ ನೆತ್ತಿಯಲ್ಲಿ ನಾಲ್ಕು.

ನೆವ್ ಡಾರ್ಟ್ ಎಸೆಯಲು ಕಲಿತದ್ದು ನಮ್ಮ ಬೋರ್ಡಿನ ಮೇಲೆ. ಆಟ ನಿಮಗೆ ಗೊತ್ತಿರಬಹುದು: ಐನೂರ ಒಂದರಿಂದ ಕಳೆಯುತ್ತಾ ಬರಬೇಕು, ಒಂದು ಸರದಿಗೆ ಮೂರು ಡಾರ್ಟ್, ಕಡೆಯದು ಡಬಲ್‌ನಲ್ಲೇ ನಾಟಿ ಲೆಕ್ಕ ಸರಿಯಾಗಿ ಸೊನ್ನೆಗೆ ಇಳಿಯಬೇಕು. ಹೆಚ್ಚಾದರೆ ಆ ಸರದಿ ದಂಡ. ಬೇರೆಯವರೆಲ್ಲ ಡಬಲ್ ಹತ್ತಿರ ಬಂದಾಗ ಬೆವರುತ್ತಾರೆ. ಬೆಂಕಿಕಡ್ಡಿಯಷ್ಟರ ಮೇಲೆ ಕೈ ಪಳಗಿಸಿಕೊಂಡ ನಮ್ಮವನಿಗೆ ಲಂಡನ್ ಬೋರ್ಡಿನ ಡಬಲ್ ತೆರೆದಿಟ್ಟ ಬಾಗಿಲಿನ ಹಾಗೆ ಕಾಣುತ್ತಿತ್ತು. ಮೂವತ್ತೈದನೆಯ ವಯಸ್ಸಿಗೆ ಟೂರ್ ಕಾರ್ಡು ಸಿಕ್ಕಿತು, ಅಂದರೆ ಇನ್ನು ಡಾರ್ಟ್ಸೇ ಹೊಟ್ಟೆಪಾಡು. ಬಸ್ಸು ಓಡಿಸುವ ಕೆಲಸ ಬಿಟ್ಟ. ಮೂರು ವರ್ಷ ಊರೂರು ಸುತ್ತಿ ದೊಡ್ಡ ದೊಡ್ಡವರಿಗೆ ಮಣ್ಣು ಮುಕ್ಕಿಸಿದ.

ಆಮೇಲೆ ಟೀವಿಯವರ ಆ ಪಂದ್ಯ ಬಂತು.

ಆ ಶನಿವಾರ ಮಧ್ಯಾಹ್ನ ನಮ್ಮ ಪಬ್ಬಿನಲ್ಲಿ ನಲವತ್ತು ಜನ ಟೀವಿಯ ಮುಂದೆ. ಕಡೆಯ ಲೆಗ್, ಎಂದರೆ ಐನೂರ ಒಂದರ ಕಡೆಯ ಆಟ. ನೆವ್‌ಗೆ ಉಳಿದದ್ದು ಎಂಟು. ಡಬಲ್ ನಾಲ್ಕು ಹೊಡೆದರೆ ಪಂದ್ಯ ಅವನದು. ಒತ್ತಡದಲ್ಲಿ ತಲೆ ಎಲ್ಲಿ ಹೋಯಿತೋ, ಕೈ ತಾನು ಕಲಿತ ಜಾಗಕ್ಕೆ ಹೋಯಿತು. ನೇರ ಬೋರ್ಡಿನ ನೆತ್ತಿಗೆ ಎಸೆದ. ಏನು ಗುರಿ ಅಂತೀರಿ, ಪಟ್ಟಿಯ ನಟ್ಟನಡುವೆ ನಾಟಿತು. ಆದರೆ ಅಲ್ಲಿದ್ದದ್ದು ಡಬಲ್ ಇಪ್ಪತ್ತು. ಸರದಿ ದಂಡವಾಯಿತು, ಎದುರಿನವನು ಮುಂದಿನ ಸರದಿಯಲ್ಲೇ ಮುಗಿಸಿದ.

ಟೀವಿಯಲ್ಲಿ ಮಾತಾಡುವವರಿಗೆ ಅವನು ಹಾಗೇಕೆ ಮಾಡಿದ ಎಂದೇ ತಿಳಿಯಲಿಲ್ಲ, ತಲೆ ಕೆರೆದುಕೊಂಡರು. ನಮ್ಮ ಪಬ್ಬಿನ ನಲವತ್ತು ಜನಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ತಿಳಿಯಿತು. ಆಮೇಲೆ ಯಾರೋ ಕಿಸಕ್ಕೆಂದರು, ಇಡೀ ಪಬ್ಬು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅದನ್ನು ಯಾವನೋ ಫೋನಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದ. ಸೋತ ಡಾರ್ಟ್ ಒಂದು ಕಡೆ, ಬಾಗಿಲಿಗೆ ಒರಗಿ ಕಣ್ಣೀರು ಒರೆಸಿಕೊಂಡು ನಗುತ್ತಿರುವ ಒಡಹುಟ್ಟಿದ ಅಕ್ಕ ಇನ್ನೊಂದು ಕಡೆ. ನೆವ್ ಅದನ್ನು ನೋಡಿದ.

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಬೋರ್ಡನ್ನು ಇನ್ನು ಮುಟ್ಟುವುದಿಲ್ಲ ಎಂದಷ್ಟೇ ಅಂದ. ಅಲ್ಲಿಂದ ಆರು ತಿಂಗಳೊಳಗೆ ಅವನ ಕೈ ಕೈಕೊಟ್ಟಿತು. ಎಸೆಯುವ ಗೆರೆಯ ಮೇಲೆ ನಿಲ್ಲುತ್ತಾನೆ, ಡಾರ್ಟ್ ಹಿಡಿದ ಕೈ ಕಣ್ಣಿನ ಪಕ್ಕಕ್ಕೆ ಬರುತ್ತದೆ, ಅಲ್ಲೇ ನಿಂತುಬಿಡುತ್ತದೆ. ಬೆರಳು ಬಿಚ್ಚುವುದಿಲ್ಲ. ಮತ್ತೆ ಮುಂದೆ, ಮತ್ತೆ ಹಿಂದೆ, ಗರ ಬಡಿದ ಹಾಗೆ. ಡಾರ್ಟ್ಸ್ ಆಡುವವರು ಇದಕ್ಕೊಂದು ಹೆಸರಿಟ್ಟಿದ್ದಾರೆ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ತಮಗೂ ಅಂಟುತ್ತದೆ ಎಂಬ ಭಯ. ಹಳೆಯ ಗೆಳೆಯರೇ ಅವನ ಪಕ್ಕ ನಿಂತು ಎಸೆಯುವುದನ್ನು ಬಿಟ್ಟರು. ಕಾರ್ಡು ಹೋಯಿತು. ನೆವ್ ಮತ್ತೆ ಬಸ್ಸಿನ ಸ್ಟಿಯರಿಂಗ್ ಹಿಡಿದ, ಮ್ಯಾಂಚೆಸ್ಟರಿನಿಂದ ಬೋಲ್ಟನ್ನಿಗೆ, ಬೋಲ್ಟನ್ನಿನಿಂದ ಮ್ಯಾಂಚೆಸ್ಟರಿಗೆ. ಹೀಗೆ ಏಳು ವರ್ಷ.

ಗುರುವಾರ ಗುರುವಾರ ನಮ್ಮಲ್ಲಿ ಪಬ್ಬುಗಳ ಲೀಗ್ ಪಂದ್ಯ. ಏಳನೆಯ ವರ್ಷದ ಒಂದು ಗುರುವಾರ ಪೆಂಡಲ್‌ಬರಿಯ ತಂಡ ಬಂದಿತ್ತು. ನಮ್ಮ ತಂಡದ ಸ್ಟ್ಯಾನ್ ಆಲರನ್‌ಷಾ ಮಗಳ ಮನೆಗೆ ಫ್ರಿಜ್ಜು ಎತ್ತಿಕೊಡಲು ಹೋಗಿ ಸೊಂಟ ಹಿಡಿಸಿಕೊಂಡು ಮಲಗಿದ್ದ. ಒಬ್ಬ ಕಡಿಮೆ. ನೆವ್ ಮೂಲೆಯಲ್ಲಿ ಕೂತು ಮಾಂಸ ತುಂಬಿದ ಪೈ ಮತ್ತು ಬಟಾಣಿ ತಿನ್ನುತ್ತಿದ್ದ. ಅವನು ಬರುತ್ತಿದ್ದದ್ದೇ ಅದಕ್ಕೆ, ಬೋರ್ಡಿಗೆ ಬೆನ್ನು ಹಾಕಿ ಕೂರುತ್ತಿದ್ದ.

"ಏಳೋ, ಸ್ಟ್ಯಾನ್ ಜಾಗಕ್ಕೆ ನಿಂತ್ಕೊ," ಎಂದೆ.

"ತಲೆ ಕೆಟ್ಟಿದ್ಯೇನೆ ನಿಂಗೆ?"

"ಒಬ್ರು ಕಮ್ಮಿ ಇದ್ರೆ ಆಟನೇ ಬಿಟ್ಟುಕೊಡ್ಬೇಕು. ಪೆಂಡಲ್‌ಬರಿಯವ್ರಿಗೆ ಬಿಟ್ಟುಕೊಡ್ಲಾ? ಆ ಮುಖ ನೋಡು ಅವ್ರದ್ದು."

"ನನ್ನ ಕೈಯಲ್ಲಿ ಆಗಲ್ಲ ಬೆರಿಲ್. ನಿಂಗೊತ್ತು."

"ಗೊತ್ತು. ಸೋಲೋಕಾದ್ರೂ ಒಬ್ಬ ಬೇಕಲ್ವಾ? ಆ ಪೈ ನಾನು ಕಾಯ್ತೀನಿ, ಹೋಗು."

ಯಾರದೋ ಡಾರ್ಟ್ ಎರವಲು ಪಡೆದು ಗೆರೆಯ ಮೇಲೆ ನಿಂತ. ಒಬ್ಬ ಎಸೆಯುವಾಗ ಮಿಕ್ಕವರು ಉಸಿರೆತ್ತಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಎಲ್ಲರೂ ಕಲ್ಲಿನ ಹಾಗೆ ನಿಂತರು. ನೆವ್‌ನ ಕೈ ಮೇಲೆ ಬಂತು, ನಿಂತಿತು. ಮುಂದೆ ಬಂತು, ಹಿಂದೆ ಹೋಯಿತು. ಹತ್ತು ಸೆಕೆಂಡು. ಇಪ್ಪತ್ತು. ಕುತ್ತಿಗೆ ಕೆಂಪಾಯಿತು. ಪೆಂಡಲ್‌ಬರಿಯವನೊಬ್ಬ ಪಾಪ ಎಂದು ಮುಖ ಆಚೆ ತಿರುಗಿಸಿದ. ಆಮೇಲೆ ನಾನು ಮಾಡಿದ್ದು ಜಾಣತನದಿಂದಲ್ಲ, ದಯವಿಟ್ಟು ಆ ಬಿರುದು ಕೊಡಬೇಡಿ. ಆ ಮೌನ ನನ್ನಿಂದ ತಡೆಯಲಾಗಲಿಲ್ಲ, ಅಷ್ಟೇ. ಬಹುಮಾನಕ್ಕೆ ಮಾಂಸ ಇಟ್ಟು ವಾರವಾರ ಪಬ್ಬಿನಲ್ಲಿ ನಡೆಸುವ ಲಾಟರಿಯ ಟಿಕೆಟ್ ಪುಸ್ತಕ ಕೈಯಲ್ಲಿತ್ತು, ಸೀದಾ ಅವನ ಪಕ್ಕಕ್ಕೆ ಹೋದೆ.

"ನೆವ್, ಟಿಕೆಟ್ ತಗೋತೀಯಾ? ಈ ವಾರ ಹಂದಿ ತೊಡೆ ಇದೆ."

"ಹೋದ್ವಾರ ಗೆದ್ದ ಸಾಸೇಜ್ ನಮ್ಮನೆ ನಾಯಿನೂ ಮೂಸ್ಲಿಲ್ಲ ಕಣೆ," ಎಂದ ಅವನು. ಹೇಳುತ್ತಾ ಹೇಳುತ್ತಾ ಡಾರ್ಟ್ ಕೈಬಿಟ್ಟು ಹೋಗಿ ಮರದಲ್ಲಿ ಟಕ್ಕೆಂದು ಕೂತಿತು.

ಅವನು ತನ್ನ ಕೈ ನೋಡಿಕೊಂಡ. ನಾನೂ ನೋಡಿದೆ.

"ನಿಮ್ಮನೆ ನಾಯಿಗೆ ನನ್ನ ಸಾಸೇಜ್ ಹಿಡಿಸ್ಲಿಲ್ವಾ? ಗ್ಲೆಂಡಾ ಅಡುಗೆ ತಿಂದು ತಿಂದು ಅದ್ರ ನಾಲಿಗೆ ಸತ್ತಿರ್ಬೇಕು," ಎಂದೆ.

"ನನ್ ಹೆಂಡ್ತಿ ಅಡುಗೆ ಬಗ್ಗೆ ನೀನು ಮಾತಾಡ್ಬೇಡ. ನಿನ್ನ ಗ್ರೇವಿಲಿ ಗೋಡೆಗೆ ಪೇಪರ್ ಅಂಟಿಸ್ಬೋದು." ಎರಡನೆಯ ಡಾರ್ಟೂ ಹೋಯಿತು.

ಪೆಂಡಲ್‌ಬರಿಯ ಕ್ಯಾಪ್ಟನ್ ಎದ್ದು ನಿಂತ. "ಬೆರಿಲ್, ಇದ್ಯಾವ ರೂಲ್ಸಮ್ಮಾ?"

"ಇದು ನನ್ನ ಪಬ್ಬಿನ ರೂಲ್ಸು. ಬೇಡ ಅಂದ್ರೆ ನಾನು ಬಿಟ್ಟಿ ಕೊಟ್ಟ ಪೈ ವಾಪಸ್ ಕೊಟ್ಟು ಬಸ್ ಹತ್ತಿ."

ಪೈ ಯಾರೂ ವಾಪಸ್ ಕೊಡಲಿಲ್ಲ. ಆ ಆಟ ನೆವ್ ಸೋತ, ಆದರೆ ಇಪ್ಪತ್ತೊಂದು ಡಾರ್ಟ್ ಎಸೆದ. ನಾನೇ ಎಣಿಸಿದೆ. ಏಳು ವರ್ಷದಲ್ಲಿ ಅಷ್ಟು ಎಸೆದಿರಲಿಲ್ಲ.

ಗುಟ್ಟು ಇಷ್ಟೇ: ಬಾಯಿ ಆಡುತ್ತಿದ್ದರೆ ಕೈ ಆಡುತ್ತಿತ್ತು. ತಲೆಗೆ ಬೇರೆ ಕೆಲಸ ಕೊಟ್ಟರೆ ಅದು ಬೆರಳಿನ ತಂಟೆಗೆ ಹೋಗುತ್ತಿರಲಿಲ್ಲ. ಆದರೆ ಪ್ರತಿ ಡಾರ್ಟಿಗೂ ಜಗಳ ತೆಗೆಯಲು ಅಕ್ಕನನ್ನು ಎಲ್ಲ ಕಡೆ ಕರೆದೊಯ್ಯಲಾಗುತ್ತದೆಯೇ? ಅವನೇ ಒಂದು ದಾರಿ ಕಂಡುಕೊಂಡ. ತನ್ನ ಬಸ್ಸಿನ ನಿಲ್ದಾಣಗಳ ಹೆಸರನ್ನು ಗೊಣಗತೊಡಗಿದ. ಪೆಂಡಲ್ಟನ್ ಎಂದು ಒಂದು ಡಾರ್ಟ್, ಸ್ವಿಂಟನ್ ಎಂದು ಇನ್ನೊಂದು, ವಾಕ್‌ಡೆನ್, ಫಾರ್ನ್‌ವರ್ತ್. ಎರಡು ಚಳಿಗಾಲ ಬೆಳಗ್ಗೆ ಪಬ್ಬು ತೆರೆಯುವ ಮುಂಚೆ ಬಂದು ನಮ್ಮ ಬೋರ್ಡಿನ ಮೇಲೆ ಎಸೆದ, ಮನೆಯಲ್ಲಿ ಲಂಡನ್ ಬೋರ್ಡಿನ ಮೇಲೆ ಎಸೆದ. ನಾನು ನೆಲ ಒರೆಸುತ್ತಾ ದಿನಕ್ಕೆ ಹತ್ತು ಸಲ ಬೋಲ್ಟನ್ನಿಗೆ ಹೋಗಿಬಂದೆ.

ಹೋದ ಜನವರಿಯಲ್ಲಿ ವಿಗನ್‌ನಲ್ಲಿ ಟೂರ್ ಕಾರ್ಡಿನ ಅರ್ಹತಾ ಪಂದ್ಯಗಳು. ನಾಲ್ಕು ದಿನ, ದಿನದ ಕಡೆಯ ಪಂದ್ಯ ಗೆದ್ದವನಿಗೆ ಒಂದು ಕಾರ್ಡು. ನೆವ್‌ಗೆ ಆಗ ನಲವತ್ತೇಳು. "ಇದೇ ಕಡೆ ಬೆರಿಲ್. ಈ ಸಲ ಆಗ್ಲಿಲ್ಲ ಅಂದ್ರೆ ಡಾರ್ಟು ಡಬ್ಬಿಗೆ ಹಾಕಿ ಮುಚ್ಚಿಬಿಡ್ತೀನಿ," ಎಂದು ಹೇಳಿಬಿಟ್ಟಿದ್ದ. ಅವನು ಹಾಗೆ ಹೇಳಿದರೆ ಹೇಳಿದ ಹಾಗೆ ಮಾಡುವವನು. ಮೊದಲ ಮೂರು ದಿನ ಎರಡನೆಯ, ಮೂರನೆಯ ಸುತ್ತಿನಲ್ಲೇ ಸೋತು ಬಂದ.

ನಾಲ್ಕನೆಯ ದಿನ ನಾನೇ ನನ್ನ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಬಾಯಿ ತಡೆಯಲಿಲ್ಲ.

"ಅವತ್ತು ನಾನು ನಕ್ಕೆ ಕಣೋ."

"ಗೊತ್ತು. ಎಲ್ರಿಗಿಂತ ಜೋರಾಗಿ."

"ಒಂಬತ್ತು ವರ್ಷದಿಂದ ಅದು ನನ್ನ ಎದೇಲಿ ಕೂತಿದೆ. ತಪ್ಪಾಯ್ತು ನೆವ್."

ಅವನು ಕಿಟಕಿಯಾಚೆ ನೋಡಿದ. "ಬೇರೆಯವ್ನು ಹಂಗೆ ಹೊಡೆದಿದ್ರೆ ನಾನೂ ನಗ್ತಿದ್ದೆ. ಆದ್ರೆ ನೀನು ನಕ್ಕಿದ್ದು ನೋವಾಯ್ತು, ಸುಳ್ಳು ಹೇಳಲ್ಲ," ಎಂದ. ಆಮೇಲೆ, "ಮೂರನೇ ಗೇರಿಗೆ ಹಾಕೆ, ಎಂಜಿನ್ ಕಿರುಚ್ಕೊಳ್ತಿದೆ," ಎಂದ. ನಾನು ಗೇರು ಬದಲಿಸಿದೆ. ಎದೆ ಹಗುರವಾಗಿತ್ತು.

ಆ ದಿನ ಬೆಳಗಿನಿಂದ ಅವನು ಒಬ್ಬೊಬ್ಬರನ್ನೇ ಮನೆಗೆ ಕಳಿಸಿದ. ಆಡಿದ್ದು ಏಳು ಪಂದ್ಯ, ಗೆದ್ದದ್ದೂ ಏಳು. ಸಂಜೆ ನಾಲ್ಕರ ಹೊತ್ತಿಗೆ ಉಳಿದದ್ದು ಕಡೆಯ ಪಂದ್ಯ. ಎದುರಾಳಿ ಕೆಂಟ್ ಕಡೆಯ ಡೊಮಿನಿಕ್ ಫರ್ನೆಲ್, ಇಪ್ಪತ್ತೆರಡು ವರ್ಷ, ಕೂದಲಿಗೆ ಬೆಣ್ಣೆ ಬಳಿದ ಹಾಗೆ ಏನೋ ಬಳಿದುಕೊಂಡಿದ್ದ. ಕೆಟ್ಟ ಹುಡುಗನೇನಲ್ಲ, ಅವನಿಗೂ ಆ ಕಾರ್ಡು ಬೇಕಿತ್ತು. ಮೊದಲು ಆರು ಲೆಗ್ ಗೆದ್ದವನಿಗೆ ಕಾರ್ಡು.

ನೆವ್ ಗೊಣಗುತ್ತಾ ಗೊಣಗುತ್ತಾ ನಾಲ್ಕು ಲೆಗ್ ಗೆದ್ದ, ಒಂದು ಬಿಟ್ಟುಕೊಟ್ಟ. ಆಗ ಆ ಹುಡುಗ ರೆಫರಿಯ ಹತ್ತಿರ ಹೋದ.

"ಸರ್, ಇವ್ರು ಬಸ್ ಸ್ಟಾಪ್ ಹೆಸರು ಹೇಳ್ತಿದಾರೆ. ನನ್ನ ತಲೇಲೂ ಅದೇ ಓಡ್ತಿದೆ. ಡಬಲ್ ಹೊಡೆಯಕ್ಕೆ ಹೋದ್ರೆ ಫಾರ್ನ್‌ವರ್ತ್ ಬರುತ್ತೆ."

ರೆಫರಿ ದಪ್ಪ ಮೀಸೆಯ ಮನುಷ್ಯ, ನಗಲಿಲ್ಲ. "ಮಿಸ್ಟರ್ ಕ್ಲೆಗ್, ಗೆರೆ ಮೇಲೆ ನಿಂತಾಗ ಮಾತು ಬೇಡ. ಇನ್ನೊಂದು ಸಲ ಆದ್ರೆ ಆ ಲೆಗ್ ಅವ್ರಿಗೆ ಕೊಡ್ತೀನಿ."

ನೆವ್‌ನ ಮುಖ ಸುಣ್ಣ ಬಳಿದ ಹಾಗಾಯಿತು. ಬಾಯಿ ಮುಚ್ಚಿಕೊಂಡು ನಿಂತ, ಕೈ ಎತ್ತಿದ, ಕೈ ನಿಂತಿತು. ಒಂದೊಂದು ಡಾರ್ಟನ್ನೂ ಹಲ್ಲು ಕೀಳುವ ಹಾಗೆ ಕಿತ್ತು ಎಸೆದ, ಅವು ಎಲ್ಲೆಲ್ಲೋ ಹೋದವು. ನಾಲ್ಕು-ಎರಡು. ನಾಲ್ಕು-ಮೂರು. ನಾಲ್ಕು-ನಾಲ್ಕು. ಒಂದು ಡಾರ್ಟ್ ಬೋರ್ಡಿಗೇ ತಾಗದೆ ಕೆಳಗೆ ಬಿತ್ತು, ಯಾರೋ ಹಿಂದಿನಿಂದ ಅಯ್ಯೋ ಎಂದರು. ನಾಲ್ಕು-ಐದು. ಇನ್ನೊಂದು ಲೆಗ್ ಹೋದರೆ ಕಥೆ ಮುಗಿಯಿತು. ಎದ್ದು ಹೋಗಿ ಆ ರೆಫರಿಯ ಮೀಸೆ ಹಿಡಿದು ಎಳೆಯೋಣ ಎನ್ನಿಸಿತು. ಕುರ್ಚಿಯ ಅಂಚು ಹಿಡಿದು ಕೂತೆ.

ಹತ್ತನೆಯ ಲೆಗ್ ಶುರು ಮಾಡಬೇಕಾದವನು ನೆವ್. ಗೆರೆಯ ಮೇಲೆ ನಿಂತು ಒಂದು ಡಾರ್ಟನ್ನೂ ಎಸೆಯದೆ ತಲೆ ತಿರುಗಿಸಿದ.

"ರೆಫರಿ ಸಾಹೇಬ್ರೆ, ನಂಗೆ ಎಷ್ಟು ಉಳಿದಿದೆ?"

ಜನರ ನಡುವೆ ನಗು ಎದ್ದಿತು. ಇನ್ನೂ ಆಟವೇ ಶುರುವಾಗಿಲ್ಲ. ಆದರೆ ನಾನು ನಗಲಿಲ್ಲ, ನನಗೆ ಹೊಳೆದುಬಿಟ್ಟಿತ್ತು. ಗೆರೆಯ ಮೇಲೆ ನಿಂತವನು ಕೇಳಬಹುದಾದ ಪ್ರಶ್ನೆ ಅದೊಂದೇ. ಯಾವ ಡಬಲ್‌ಗೆ ಎಸೆಯಲಿ ಎಂದು ಕೇಳುವ ಹಾಗಿಲ್ಲ, ಎಷ್ಟು ಉಳಿದಿದೆ ಎಂದು ಕೇಳಬಹುದು. ಕೇಳಿದರೆ ರೆಫರಿ ಉತ್ತರ ಕೊಡಲೇಬೇಕು.

"ಐನೂರ ಒಂದು," ಎಂದ ರೆಫರಿ, ಇವನಿಗೆ ಬುದ್ಧಿ ಕೆಟ್ಟಿದೆ ಎನ್ನುವ ಮುಖದಲ್ಲಿ. ಆ ಮಾತಿನ ನಡುವೆಯೇ ಡಾರ್ಟ್ ಹೋಗಿ ಟ್ರೆಬಲ್ ಇಪ್ಪತ್ತರಲ್ಲಿ ನಾಟಿತು.

"ಈಗ ಎಷ್ಟು?"

"ನಾನೂರ ನಲವತ್ತೊಂದು."

ಅದೂ ಹೋಯಿತು. ಪ್ರತಿ ಡಾರ್ಟಿಗೂ ಕೇಳಿದ, ಮೀಸೆಯವನು ಪ್ರತಿ ಡಾರ್ಟಿಗೂ ಹೇಳಿದ. ಜನರ ನಗು ಬರಬರುತ್ತಾ ಬೇರೆ ಥರದ್ದಾಯಿತು. ಹದಿನೈದು ಡಾರ್ಟಿಗೆ ಲೆಗ್ ಮುಗಿಸಿದ. ಐದು-ಐದು.

ಫರ್ನೆಲ್ ಕೈ ಚೆಲ್ಲಿದ. "ಸರ್, ಇವ್ರು ಪ್ರತಿ ಸಲ ಕೇಳ್ತಿದಾರಲ್ಲ."

"ಕೇಳೋ ಹಕ್ಕಿದೆ. ನಿಮಗೂ ಇದೆ," ಎಂದ ರೆಫರಿ. ಆ ಮೀಸೆಯ ಮೇಲೆ ನನಗೆ ಮೊದಲ ಸಲ ಪ್ರೀತಿ ಬಂತು.

ಕಡೆಯ ಲೆಗ್. ಹುಡುಗ ಮೊದಲು ಎಸೆದ, ಚೆನ್ನಾಗಿಯೇ ಎಸೆದ, ಅದರಲ್ಲಿ ಮೋಸವಿಲ್ಲ. ನೆವ್ ಕೇಳುತ್ತಾ, ಎಸೆಯುತ್ತಾ ಅವನ ಬೆನ್ನಿಗೇ ಇದ್ದ. ಹುಡುಗನಿಗೆ ನಲವತ್ತು ಉಳಿಯಿತು. ಮೂರು ಡಾರ್ಟ್ ಡಬಲ್ ಇಪ್ಪತ್ತಕ್ಕೆ ಬಿಟ್ಟ, ಮೂರೂ ಕೂದಲೆಳೆಯಷ್ಟು ಹೊರಗೆ ಬಿದ್ದವು. ಅವನು ಮುಖ ಮುಚ್ಚಿಕೊಂಡ. ಈಗ ನೆವ್. ಈ ಮೂರರಲ್ಲಿ ಮುಗಿಸದಿದ್ದರೆ ಹುಡುಗ ಇನ್ನೊಂದು ಸಲ ತಪ್ಪುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಎಷ್ಟು ಉಳಿದಿದೆ?"

"ಅರವತ್ತನಾಲ್ಕು."

ಡಾರ್ಟ್ ಹದಿನಾರಕ್ಕೆ ಬಿತ್ತು. ಟ್ರೆಬಲ್ ಬೇಕಿತ್ತು, ಸಿಗಲಿಲ್ಲ.

"ಎಷ್ಟು?"

"ನಲವತ್ತೆಂಟು."

ಮತ್ತೆ ಹದಿನಾರು. ಉಳಿದದ್ದು ಮೂವತ್ತೆರಡು, ಅಂದರೆ ಡಬಲ್ ಹದಿನಾರು, ಒಂದೇ ಡಾರ್ಟ್. ಬಾಗಿಲ ಹತ್ತಿರ ಚಹಾ ಮಾರುವವಳು ಕೂಡ ಕೆಟಲನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ನೆವ್ ಬಲಗಾಲು ಊರಿದ. ಕೈ ಮೇಲೆ ಬಂತು. ಕೇಳೋ, ಬೇಗ ಕೇಳೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕೇಳುವುದನ್ನು ಮರೆತನೋ, ಬಾಯಿ ಒಣಗಿತೋ ತಿಳಿಯದು, ಸದ್ದೇ ಇಲ್ಲ. ಅವನ ತುಟಿ ನನಗೆ ಕಾಣುತ್ತಿತ್ತು. ಅದು ಅಲುಗಲಿಲ್ಲ.

ಬೆರಳು ತಾನಾಗಿ ಬಿಚ್ಚಿತು.

"ಮೂವತ್ತೆರಡು," ಎಂದ ರೆಫರಿ, ಅಭ್ಯಾಸಬಲದಿಂದ, ಯಾರೂ ಕೇಳದಿದ್ದರೂ. ಅವನು ಹೇಳಿ ಮುಗಿಸುವಷ್ಟರಲ್ಲಿ ಡಾರ್ಟ್ ಡಬಲ್ ಹದಿನಾರರಲ್ಲಿ ನೆಟ್ಟಗೆ ಕೂತಾಗಿತ್ತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು ಆಟ ಕ್ಲೆಗ್‌ಗೆ, ಪಂದ್ಯವೂ ಕ್ಲೆಗ್‌ಗೆ ಎಂದು ಕೂಗಿದ. ನೆರೆದವರೆಲ್ಲ ಎದ್ದು ನಿಂತರು. ಇಷ್ಟು ವರ್ಷ ಅವನ ಪಕ್ಕ ನಿಲ್ಲಲು ಹೆದರಿದ್ದ ಹಳೆಯ ಆಟಗಾರರು ನಾ ಮುಂದು ತಾ ಮುಂದು ಎಂದು ನುಗ್ಗಿ ಬಂದು ಅವನ ಆ ಬಲಗೈಯನ್ನೇ ಹಿಡಿದು ಕುಲುಕಿದರು. ಕೆಂಟಿನ ಹುಡುಗ ಕಣ್ಣೊರೆಸಿಕೊಂಡು ಬಂದು ಅಪ್ಪಿಕೊಂಡ. ಒಳ್ಳೆಯ ಮನೆಯ ಹುಡುಗ, ಅವನಿಗೂ ಬರುವ ವರ್ಷ ಕಾರ್ಡು ಸಿಗಲಿ.

ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ನಾನು ಗೆರೆಯ ಹತ್ತಿರ ಹೋದಾಗ ನೆವ್ ಇನ್ನೂ ಬೋರ್ಡಿನ ಕಡೆಗೇ ನೋಡುತ್ತಿದ್ದ. ಅಳುತ್ತಿದ್ದವಳು ನಾನು, ಅವನಲ್ಲ.

"ಬೆರಿಲ್," ಎಂದ ಮೆಲ್ಲಗೆ, "ನಾನು ಬಾಯೇ ಬಿಡ್ಲಿಲ್ಲ ಕಣೆ."

"ನೋಡ್ದೆ ಕಣೋ. ನಿನ್ನ ಬಾಯನ್ನೇ ನೋಡ್ತಿದ್ದೆ."

"ಡಾರ್ಟ್ ತಾನಾಗೇ ಹೋಯ್ತು," ಎಂದ. ಆಮೇಲೆ ಬೋರ್ಡಿನಿಂದ ಮೂರು ಡಾರ್ಟ್ ಕಿತ್ತುಕೊಂಡು ಗೆರೆಗೆ ಬಂದು, ಪಂದ್ಯ ಮುಗಿದ ಮೇಲೆ, ಅಷ್ಟು ಜನರ ಗದ್ದಲದ ನಡುವೆ, ತುಟಿ ಬಿಗಿದುಕೊಂಡು ಮೂರನ್ನೂ ಒಂದರ ಹಿಂದೆ ಒಂದು ಎಸೆದ. ಮೂರೂ ತಡೆಯಿಲ್ಲದೆ ಕೈಬಿಟ್ಟು ಹೋದವು.